ತಂತ್ರಾಂಶಗಳಲ್ಲಿ ಊಹವಿಚಾರ: ಮೂಲಪಾಠವೂ ಸ್ಥಾನಪಾಠಗಳೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಕಿರುಶಾಸನಗಳು ದೊರೆತಿರುವುದು ಕನ್ನಡ ವಿದ್ವಾಂಸರಿಗೆಲ್ಲ ತಿಳಿದ ವಿಷಯವೇ ಆಗಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಮೂರೂ ಕೆಲವೇ ಮೈಲಿಗಳ ಅಂತರದಲ್ಲಿವೆ. ಮೂರರ ವಿಷಯವೂ ಒಂದೇ. ಆದರೂ ಇವು ಒಂದೇ ಅಚ್ಚಿನಿಂದ ಒತ್ತಿದ ಪ್ರತಿಗಳಲ್ಲ. ರೂಪನಾಥ, ಸಹಸ್ರಾಂ, ಬೈರಾಟ ಮೊದಲಾದ ಉತ್ತರದೇಶದ ಪಾಠಗಳಲ್ಲಿ ಇಲ್ಲದ ಪೀಠಿಕೆಯೊಂದು ಬ್ರಹ್ಮಗಿರಿ, ಸಿದ್ದಾಪುರಗಳ ಪಾಠಗಳಲ್ಲಿ ಉಂಟು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೋರಿ ಆಜ್ಞೆಯನ್ನು ತಿಳಿಸುವ ಒಕ್ಕಣೆ ಅದು. ಅಧಿಕಾರಿಗಳಿಗೆ ಬಂದ ಓಲೆಯ ಒಕ್ಕಣೆಯು ಪ್ರಜೆಗಳಿಗಾಗಿ ಕೆತ್ತಿದ ಬಂಡೆಯ ಮೇಲೂ ಏರಿ ಕುಳಿತಿದೆ.

ಈ ಪಾಠಭೇದಗಳಲ್ಲಿ ಹಲವು ಬಗೆಗಳಿವೆ. ಪೂರ್ವದೇಶದ ಪಾಠಗಳಲ್ಲಿ ನಕಾರ ಲಕಾರಗಳಿರುವ ಎಷ್ಟೋ ಎಡೆಗಳಲ್ಲಿ ಬ್ರಹ್ಮಗಿರಿಯ ಪಾಠವು ಣಕಾರವನ್ನೂ ರೇಫವನ್ನೂ ಇಟ್ಟುಕೊಂಡಿದೆ. ಎರಡನೆಯ ಶಾಸನವು ಎರ್ರಗುಡಿಯಲ್ಲಿ ದೀರ್ಘವಾಗಿದ್ದು ಬ್ರಹ್ಮಗಿರಿಯಲ್ಲಿ ಸಂಕ್ಷಿಪ್ತವಾಗಿದೆ. ಬರೆದ ಚಪಡನು ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕಡೆಯಲ್ಲಿ ಲಿಪಿಕಾರನೆಂಬ ತನ್ನ ವೃತ್ತಿನಾಮವೊಂದನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿರುವನು. ಇವುಗಳಲ್ಲಿ ಪೀಠಿಕೆಯು ಸ್ಥಾನಕ್ಕೆ ತಕ್ಕಂತೆ ಬುದ್ಧಿಪೂರ್ವಕವಾಗಿ ಸೇರಿಸಿದುದು. ಖರೋಷ್ಠಿಯ ಪದವು ಲಿಪಿಕಾರನ ಸ್ವಂತದ್ದು. ಇನ್ನು ಕೆಲವು ಕೆತ್ತುವಾಗ ಬಿದ್ದ ಬರಿಯ ತಪ್ಪುಗಳು. ಗಮನಿಸತಕ್ಕ ಅಂಶವು ಬೇರೊಂದುಂಟು. 1958ರಲ್ಲಿ ಕಂದಹಾರದಲ್ಲಿ ದೊರೆತ ಶಾಸನದಲ್ಲಿ ಇದೇ ಅರಸನ ಮಾತು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಿಗೆ ತಿರುಗಿದೆ. ಭಾಷೆಯನ್ನೇ ಬದಲಿಸುವ ಶಕ್ತಿ ಆ ಕಾರ್ಯಾಲಯಕ್ಕೆ ಇತ್ತೆಂಬುದು ಇದರಿಂದ ಸಿದ್ಧ. ಇಸಿಲಕ್ಕೆ ಬಂದ ಪಾಠವಾದರೋ ಪ್ರಾಕೃತವಾಗಿಯೇ ಉಳಿಯಿತು; ಇಸಿಲ ಎಂಬ ಹೆಸರೊಂದು ಕನ್ನಡ ಶಬ್ದವೆಂದು ಡಿ. ಎಲ್. ನರಸಿಂಹಾಚಾರ್ಯರು ಪ್ರತಿಪಾದಿಸಿರುವರು. ಸ್ಥಾನದ ಹೆಸರು ಪಾಠದೊಳಗೆ ಬಂದಿತು, ಸ್ಥಾನದ ನುಡಿ ಬರಲಿಲ್ಲ.

ಒಂದು ಮೂಲಪಾಠವನ್ನು ಹಲವು ಸ್ಥಾನಗಳಿಗೆ ಹೊಂದಿಸಿ ಕಳುಹಿಸುವ ಈ ಕಾರ್ಯವೇ ಇಂದು ಗಣಕಗಳಿಗೆ ತಂತ್ರಾಂಶಗಳನ್ನು ರಚಿಸುವವರ ದಿನದಿನದ ಕೆಲಸವಾಗಿದೆ. ಸಾಹಿತ್ಯದ ಅಧ್ಯಾಪಕರು ಇದನ್ನು ಯಂತ್ರಶಾಸ್ತ್ರದ ವಿಷಯವೆಂದು ದೂರವಿಡುವುದು ವಾಡಿಕೆ. ಆದರೆ ತಂತ್ರಾಂಶವು ಮೊದಲಿಗೆ ಒಂದು ಗ್ರಂಥ. ಸಿ ಮೊದಲಾದ ಕೃತಕಭಾಷೆಗಳಲ್ಲಿ ಮನುಷ್ಯರು ಬರೆದು ಮನುಷ್ಯರು ಓದಿ ತಿದ್ದತಕ್ಕ ಮೂಲಪಾಠವೊಂದು ಇರುವುದು. ಕಂಪೈಲರ್ ಎಂಬ ಅನುವಾದಕವು ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ರೂಪಕ್ಕೆ ತಿರುಗಿಸುವುದು. ಗಣಕದ ಬರೆವಣಿಗೆ, ಕಡತಗಳು, ತೆರೆ, ಕೀಲಿಮಣೆ ಇವನ್ನೆಲ್ಲ ಆಳುವ ಆಪರೇಟಿಂಗ್ ಸಿಸ್ಟಂ ಎಂಬ ಕಾರ್ಯಾಚರಣ ವ್ಯವಸ್ಥೆಗಳು ಹಲವು: ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಇತ್ಯಾದಿ. ಒಂದೊಂದರ ಆಚಾರ ಒಂದೊಂದು. ಮೂಲಪಾಠ ಒಂದೇ ಇರುವಾಗ, ಈ ವ್ಯವಸ್ಥೆಗೆ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು, ಯಾವುದರ ಎಡೆಯಲ್ಲಿ ಯಾವುದನ್ನು ಇಡಬೇಕು ಎಂದು ನಿರ್ಣಯಿಸುವುದಕ್ಕೆ ಕಾನ್ಫಿಗರ್ ಮಾಡುವುದೆಂದೂ, ಆ ನಿರ್ಣಯದಂತೆ ಯಂತ್ರರೂಪವನ್ನು ಕಟ್ಟುವುದಕ್ಕೆ ಬಿಲ್ಡ್ ಎಂದೂ ಆ ವೃತ್ತಿಯವರು ಹೇಳುವರು.

ಗ್ರಂಥಸಂಪಾದಕನ ಮಾರ್ಗಕ್ಕೆ ಇದು ತಿರುಗುಮುರುಗಾದ ಮಾರ್ಗ. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರಂಥ ಸಂಪಾದಕರು ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು, ಕಳೆದುಹೋದ ಒಂದು ಮೂಲದ ಕಡೆಗೆ ಹಿಂದಕ್ಕೆ ನಡೆಯುವರು. ತಂತ್ರಾಂಶಕಾರನ ಕೈಯಲ್ಲಿ ಮೂಲವು ಇದ್ದೇ ಇದೆ. ಅವನು ಅಲ್ಲಿಂದ ಹಲವು ಪ್ರತಿಗಳ ಕಡೆಗೆ ಮುಂದಕ್ಕೆ ನಡೆಯುವನು. ಆದರೂ ಇಬ್ಬರಿಗೂ ಎದುರಾಗುವ ಪ್ರಶ್ನೆ ಒಂದೇ: ಈ ಭೇದವು ಸ್ಥಾನಕ್ಕಾಗಿ ಬಂದುದೋ, ದೋಷದಿಂದ ಬಂದುದೋ?

ಈ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ವಿಚಾರಮಾಡಿದ ಭಾರತೀಯ ಶಾಸ್ತ್ರವು ಪೂರ್ವಮೀಮಾಂಸೆ. ಅಂಗಗಳೆಲ್ಲವೂ ಪೂರ್ಣವಾಗಿ ಉಪದಿಷ್ಟವಾದ ಯಾಗವು ಪ್ರಕೃತಿ; ದರ್ಶಪೂರ್ಣಮಾಸವು ಇಷ್ಟಿಗಳಿಗೆಲ್ಲ ಪ್ರಕೃತಿ. ಅದರಿಂದ ಅಂಗಗಳನ್ನು ಎರವು ಪಡೆಯುವುದು ವಿಕೃತಿ. ಎರವು ತರುವಿಕೆಗೆ ಅತಿದೇಶವೆಂದು ಹೆಸರು. ಜೈಮಿನಿಯ ಏಳನೆಯ ಎಂಟನೆಯ ಅಧ್ಯಾಯಗಳು ಇದಕ್ಕೆ ಮೀಸಲು. ತಂದ ಮಂತ್ರವನ್ನು ಹೊಸ ಸ್ಥಾನಕ್ಕೆ ತಕ್ಕಂತೆ ಮಾರ್ಪಡಿಸುವುದು ಊಹ. ಇದು ಒಂಬತ್ತನೆಯ ಅಧ್ಯಾಯದ ವಿಷಯ. ಪ್ರಕೃತಿಯ ಮಂತ್ರದಲ್ಲಿ ಅಗ್ನಿಯ ಹೆಸರಿದ್ದರೆ ಸೂರ್ಯನಿಗಾಗಿ ಮಾಡುವ ಚರುವಿನಲ್ಲಿ ಆ ಎಡೆಗೆ ಸೂರ್ಯನ ಹೆಸರು ಬರುವುದು. ಮಂತ್ರದ ಉಳಿದ ಭಾಗವು ಅಲುಗುವುದಿಲ್ಲ. ಪ್ರಯೋಜನವು ತಪ್ಪಿಹೋದ ಅಂಗವನ್ನು ಕೈಬಿಡುವುದು ಬಾಧ; ಇದು ಹತ್ತನೆಯದರ ವಿಷಯ. ಇದಕ್ಕೆ ಕೃಷ್ಣಲಚರುವಿನ ಉದಾಹರಣೆ ಪ್ರಸಿದ್ಧವಾಗಿದೆ. ಬತ್ತವನ್ನು ಕುಟ್ಟುವುದು ಹೊಟ್ಟು ಹೋಗಲೆಂದು. ಚರುವಿನಲ್ಲಿ ಬತ್ತದ ಬದಲು ಚಿನ್ನದ ಕಾಳುಗಳಿರುವಾಗ ಹೊಟ್ಟೇ ಇಲ್ಲವಾದಕಾರಣ ಕುಟ್ಟುವಿಕೆಯು ತಾನಾಗಿ ನಿಲ್ಲುವುದು. ಹನ್ನೊಂದನೆಯ ಅಧ್ಯಾಯದಲ್ಲಿ ತಂತ್ರವೆಂಬುದು ವಿಚಾರಿತವಾಗಿದೆ: ಒಮ್ಮೆ ಮಾಡಿದ ಅಂಗವು ಹಲವು ಪ್ರಧಾನಗಳಿಗೆ ಉಪಕಾರಕವಾಗುವುದು. ಹಲವು ಕ್ರಮವಿಧಿಗಳು ಹಂಚಿಕೊಳ್ಳುವ ಸಾಮಾನ್ಯ ಭಾಗಗಳು ಈಗಿನ ಗಣಕಗಳಲ್ಲಿ ಸರ್ವತ್ರ ಇರುವುದರಿಂದ, ತಂತ್ರಾಂಶವೆಂಬ ಹೊಸಗನ್ನಡ ಶಬ್ದವು ಅದನ್ನು ಟಂಕಿಸಿದವರು ಎಣಿಸಿದುದಕ್ಕಿಂತ ಹೆಚ್ಚು ಅರ್ಥವತ್ತಾಗಿರಬಹುದು. (ಪ್ರಕೃತಿಶಬ್ದದ ಪ್ರಾಕೃತರೂಪವು ಬ್ರಹ್ಮಗಿರಿಯ ಎರಡನೆಯ ಶಾಸನದಲ್ಲಿಯೇ ಬರುತ್ತದೆ, ಆದರೆ ಅಲ್ಲಿ ಅದಕ್ಕೆ ಪುರಾತನವಾದ ನಡವಳಿಕೆಯೆಂದು ಅರ್ಥ.)

ಹೊಟ್ಟಿನ ದೃಷ್ಟಾಂತವು ಗಣಕದಲ್ಲಿ ಅಕ್ಷರಶಃ ಸಲ್ಲುವುದು. ಬರೆವಣಿಗೆಯಲ್ಲಿ ಸಾಲು ಮುಗಿಯಿತೆಂದು ತಿಳಿಸಲು ಲಿನಕ್ಸ್ ಒಂದು ಸಂಕೇತವನ್ನು ಇಡುವುದು. ವಿಂಡೋಸ್ ಎರಡು ಸಂಕೇತಗಳನ್ನು ಇಡುವುದು. ಆದಕಾರಣ ವಿಂಡೋಸಿನಲ್ಲಿ ಬರಹವನ್ನು ಓದುವಾಗ ಹೆಚ್ಚಿನ ಸಂಕೇತವನ್ನು ಉದುರಿಸುವ ಸಂಸ್ಕಾರವೊಂದುಂಟು. ಲಿನಕ್ಸಿನಲ್ಲಿ ಆ ಹೊಟ್ಟೇ ಇಲ್ಲ. ಆ ಸಂಸ್ಕಾರವು ಅಲ್ಲಿ ಬಾಧಿತ. ಒಳ್ಳೆಯ ಮೂಲಪಾಠವು ಇದನ್ನು ಒಂದೇ ಎಡೆಯಲ್ಲಿ ಹೇಳಿ ಮುಗಿಸುವುದು. ಕೆಟ್ಟದ್ದು ಓದುವ ಪ್ರತಿಯೊಂದು ಎಡೆಯಲ್ಲಿಯೂ ಒನಕೆಯನ್ನು ಹಿಡಿದು ನಿಲ್ಲುವುದು.

ಇನ್ನು ಪದ್ಧತಿಯ ಚರಿತ್ರೆಯನ್ನು ಸಂಗ್ರಹವಾಗಿ ನೋಡಬಹುದು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯನ್ನು 1973ರಲ್ಲಿ ಸಿ ಭಾಷೆಯಲ್ಲಿ ಮತ್ತೆ ಬರೆದ ಮೇಲೆ ಒಂದೇ ಪಾಠವನ್ನು ಬೇರೆ ಯಂತ್ರಕ್ಕೆ ಒಯ್ಯುವುದು ಸಾಧ್ಯವಾಯಿತು. ಪಾಠದ ಯಾವ ಭಾಗ ಬದಲಾದರೆ ಯಾವುದನ್ನು ಮತ್ತೆ ಕಟ್ಟಬೇಕೆಂದು ನಿರ್ಣಯಿಸುವ 'ಮೇಕ್' ಎಂಬ ಸಾಧನವನ್ನು 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು ಅಲ್ಲಿಯೇ ರಚಿಸಿದರು. ಯುನಿಕ್ಸಿನ ಶಾಖೆಗಳು ಬೆಳೆದಂತೆ, 'ಈ ಹೆಸರಿನ ವ್ಯವಸ್ಥೆಯಾದರೆ ಹೀಗೆ, ಆ ಹೆಸರಿನದಾದರೆ ಹಾಗೆ' ಎಂಬ ವಿಕಲ್ಪವಾಕ್ಯಗಳು ಮೂಲಪಾಠದೊಳಗೆ ಮುಳ್ಳಿನಂತೆ ಬೆಳೆದುವು. ಹೆನ್ರಿ ಸ್ಪೆನ್ಸರ್, ಜೆಫ್ ಕಾಲಿಯರ್ ಎಂಬವರು 1992ರಲ್ಲಿ ಈ ರೂಢಿಯನ್ನು ಖಂಡಿಸಿ, ಭೇದಗಳನ್ನೆಲ್ಲ ಪಾಠದಿಂದ ಹೊರಗೆ ಪ್ರತ್ಯೇಕವಾದ ಎಡೆಯಲ್ಲಿಟ್ಟು ಮೂಲವನ್ನು ಶುದ್ಧವಾಗಿ ಉಳಿಸಬೇಕೆಂದು ವಾದಿಸಿದರು. ಇದು ಸಂಪಾದಕನು ಪಾಠಾಂತರಗಳನ್ನು ಅಡಿಟಿಪ್ಪಣಿಗೆ ಇಳಿಸುವುದಕ್ಕೆ ಸಮಾನವಾದ ವಾದ. ಅದಕ್ಕೆ ಒಂದು ವರ್ಷ ಮೊದಲು, 1991ರಲ್ಲಿ, ಡೇವಿಡ್ ಮೆಕೆಂಜಿ ಅವರು ಆಟೋಕಾನ್ಫ್ ಎಂಬ ಸಾಧನವನ್ನು ಆರಂಭಿಸಿದ್ದರು. 2000ದಲ್ಲಿ ಸಿಮೇಕ್ ಎಂಬುದು ಬಂದಿತು. ವಿಮರ್ಶಕನಿಗೆ ಇವುಗಳಲ್ಲಿ ಮುಖ್ಯವಾದುದು ಆಟೋಕಾನ್ಫಿನ ಒಂದು ತತ್ತ್ವ: ವ್ಯವಸ್ಥೆಯ ಹೆಸರನ್ನು ಕೇಳಬೇಡ, ಅದರ ಸಾಮರ್ಥ್ಯವನ್ನು ಪರೀಕ್ಷಿಸು. ಇಂಥ ಕಾರ್ಯವು ಇಲ್ಲಿ ನಡೆಯುವುದೇ ಇಲ್ಲವೇ ಎಂದು ತಿಳಿಯಲು ನಾಲ್ಕು ಸಾಲಿನ ಚಿಕ್ಕದೊಂದು ಪಾಠವನ್ನು ಕಟ್ಟಿನೋಡುವುದು. ಕಟ್ಟಿಬಂದರೆ ಸಾಮರ್ಥ್ಯವುಂಟು, ಬಾರದಿದ್ದರೆ ಇಲ್ಲ.

ಹೆಸರಿಗಿಂತ ಸಾಮರ್ಥ್ಯವು ಬಲವತ್ತರವೆಂಬ ಈ ನಿರ್ಣಯವು ಜೈಮಿನಿಯ ಮೂರನೆಯ ಅಧ್ಯಾಯದಲ್ಲಿ ಇದೆ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಆರು ಪ್ರಮಾಣಗಳು ಒಂದೆಡೆ ಸೇರಿದಾಗ ಹಿಂದಿನದಕ್ಕಿಂತ ಮುಂದಿನದು ದುರ್ಬಲ. ಲಿಂಗವೆಂದರೆ ಸಾಮರ್ಥ್ಯ, ಅದು ಎರಡನೆಯ ಮೆಟ್ಟಿಲಿನಲ್ಲಿದೆ. ಸಮಾಖ್ಯೆಯೆಂದರೆ ಹೆಸರು, ಅದು ಕಟ್ಟಕಡೆಯದು. ಕಾರಣವನ್ನೂ ಸೂತ್ರಕಾರನು ಹೇಳಿರುವನು: ಮುಂದಿನ ಪ್ರಮಾಣವು ಅರ್ಥದಿಂದ ಹೆಚ್ಚು ದೂರವಿದೆ. ಹೆಸರಿನಿಂದ ಸಂಬಂಧವನ್ನು, ಸಂಬಂಧದಿಂದ ಸಾಮರ್ಥ್ಯವನ್ನು, ಸಾಮರ್ಥ್ಯದಿಂದ ವಿಧಿಯನ್ನು ಕಲ್ಪಿಸಿಕೊಂಡು ಬರುವಷ್ಟರಲ್ಲಿ ಸಾಮರ್ಥ್ಯವು ನೇರವಾಗಿ ವಿಧಿಯನ್ನು ಮುಟ್ಟಿರುವುದು. ಆ ಕ್ರಮವು ಯಾವ ಅಂಗವು ಯಾವ ಪ್ರಧಾನಕ್ಕೆ ಎಂಬ ವಿನಿಯೋಗದ ವಿಷಯದಲ್ಲಿ ಹೇಳಿದುದೇ ಹೊರತು ಊಹದ ವಿಷಯದಲ್ಲಲ್ಲ ಎಂಬ ಆಕ್ಷೇಪವು ಸಹಜ. ಆದರೆ ಕಾನ್ಫಿಗರ್ ಮಾಡುವುದು ಬರಿಯ ಊಹವಲ್ಲ. ಯಾವ ಭಾಗವು ಯಾವ ವ್ಯವಸ್ಥೆಗೆ ಎಂಬ ವಿನಿಯೋಗವೂ ಅದೇ. ಅತಿದೇಶವು ಇಷ್ಟರಮಟ್ಟಿಗೆ ನಿಲ್ಲುವುದು.

ಸಮಾಖ್ಯೆಯು ಎಷ್ಟು ದುರ್ಬಲವೆಂಬುದಕ್ಕೆ ದೃಷ್ಟಾಂತಗಳು ಬೇಕಾದಷ್ಟಿವೆ. 32 ಬಿಟ್ಟಿನ ವಿಂಡೋಸಿಗಾಗಿ ಹುಟ್ಟಿದ 'ವಿನ್32' ಎಂಬ ಗುರುತು 64 ಬಿಟ್ಟಿನ ವಿಂಡೋಸಿನಲ್ಲಿಯೂ ಹಾಗೆಯೇ ಉಳಿದಿದೆ. ಹೆಸರನ್ನು ನಂಬಿ ಯಂತ್ರದ ಅಳತೆಯನ್ನು ಊಹಿಸಿದವನು ಕೆಡುವನು. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ಹಳಗನ್ನಡದ ೞಕಾರದ್ದು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಸಂಹಿತೆಯಲ್ಲಿ ಈ ಅಕ್ಷರಕ್ಕೆ 'ಕನ್ನಡದ ಫ ಅಕ್ಷರ' ಎಂಬ ಹೆಸರು ಬಿದ್ದಿದೆ! ತಪ್ಪೆಂದು ಅವರೇ ಒಪ್ಪಿ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿರುವರು. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಮೊದಲಿನ ಹೆಸರು ಎಂದೆಂದಿಗೂ ಹಾಗೆಯೇ ಇರತಕ್ಕುದು. ಕೇಶಿರಾಜನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಅದೇ ಸಂಹಿತೆಗೆ ಹಳಗನ್ನಡದ ನಕಾರಪೊಲ್ಲು ಸೇರಿದುದು 2021ರಲ್ಲಿ. ಅದಕ್ಕೆ ಹಿಂದಿನ ಅಕ್ಷರವಿನ್ಯಾಸಗಳಿಗೆ ಕನ್ನಡ ಬರುವುದೆಂಬ ಹೆಸರು ಇದೆ. ನಕಾರಪೊಲ್ಲನ್ನು ಮೂಡಿಸುವ ಸಾಮರ್ಥ್ಯವಿಲ್ಲ. ಹಳಗನ್ನಡ ಪಾಠಗಳನ್ನು ಗಣಕಕ್ಕೆ ಏರಿಸುವವರು ಹೆಸರನ್ನು ನೋಡಿ ಬಿಡದೆ, ಒಂದು ಸಾಲನ್ನು ಮೂಡಿಸಿ ನೋಡತಕ್ಕುದು. ಜಕಾರ್ಡ್ ಮಗ್ಗಕ್ಕೆ ಹೊಸ ನಕ್ಷೆಯನ್ನು ಏರಿಸುವಾಗ ಮಗ್ಗದ ಹೆಸರನ್ನಲ್ಲ, ಅದರ ಕೊಕ್ಕೆಗಳ ಸಂಖ್ಯೆಯನ್ನೇ ನೋಡಬೇಕೆಂಬುದು ಮೊಳಕಾಲ್ಮೂರಿನ ರೇಷ್ಮೆಸೀರೆಯ ನೇಯ್ಗೆಯನ್ನು ಬಲ್ಲವರಿಗೆ ತಿಳಿದುದೇ.

ಮೊಳಕಾಲ್ಮೂರೆಂಬ ಹೆಸರೇ ಇನ್ನೊಂದು ದೃಷ್ಟಾಂತಕ್ಕೆ ಒದಗುವುದು. ಗಣಕದಲ್ಲಿ ಎರಡು ಕಡತಗಳಿಗೆ ಚಳ್ಳಕೆರೆ, ಮೊಳಕಾಲ್ಮೂರು ಎಂದು ಕನ್ನಡದಲ್ಲಿಯೇ ಹೆಸರಿಟ್ಟರೆಂದು ಭಾವಿಸಬಹುದು. ಯೂನಿಕೋಡಿನ ಪ್ರಕಾರ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು. ಎತ್ವವೂ ಕೊಂಬಿನ ದೀರ್ಘವೂ ಆದ ಎರಡು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ವಿಂಡೋಸ್, ಲಿನಕ್ಸ್‌ಗಳು ಹೆಸರನ್ನು ಬರೆದಂತೆಯೇ ಇಟ್ಟುಕೊಳ್ಳುವುವು. 2017ರಲ್ಲಿ ಹೊಸ ಪದ್ಧತಿಯು ಬರುವವರೆಗೆ ಮ್ಯಾಕ್ ಗಣಕಗಳಲ್ಲಿ ರೂಢಿಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಬಿಡಿಸಿ ಇಡುತ್ತಿತ್ತು. ಚಳ್ಳಕೆರೆಯೆಂಬ ಹೆಸರಿನಲ್ಲಿ ಬಿಡಿಸತಕ್ಕ ಸ್ವರಚಿಹ್ನೆಯಿಲ್ಲವಾಗಿ ಅದು ಎಲ್ಲೆಡೆಯೂ ಒಂದೇ ಆಗಿ ಉಳಿಯುವುದು. ಮೊಳಕಾಲ್ಮೂರಿನ ಮೊದಲ ಅಕ್ಷರದಲ್ಲಿಯೇ ಒತ್ವವಿರುವುದರಿಂದ, ಮ್ಯಾಕಿಗೆ ಹೋಗಿ ಲಿನಕ್ಸಿಗೆ ಮರಳಿದ ಮೊಳಕಾಲ್ಮೂರು ಮೊದಲಿನ ಮೊಳಕಾಲ್ಮೂರಲ್ಲ. ಒಂದೇ ಹೆಸರಿನ ಎರಡು ಕಡತಗಳು ಎದುರಿಗಿದ್ದು, ಒಂದನ್ನು ಕರೆದರೆ ಇನ್ನೊಂದು ಓಗೊಡದು. ಕಣ್ಣಿಗೆ ಕಾಣದ ಪಾಠಭೇದವು ಯಾವ ಓಲೆಯ ಪ್ರತಿಯಲ್ಲಿಯೂ ಇಲ್ಲ, ಗಣಕದಲ್ಲಿ ಇದೆ.

ಇಂಥ ಎಡೆಯಲ್ಲಿ ಸಾಮರ್ಥ್ಯಪರೀಕ್ಷೆಯು ಹೇಗಿರುವುದೆಂಬುದಕ್ಕೆ 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಗಿಟ್ ಎಂಬ ಸಾಧನವನ್ನು ನೋಡಬಹುದು. ಹೊಸ ಸಂಗ್ರಹವನ್ನು ತೆರೆಯುವಾಗ ಅದು ತನ್ನ ವಿನ್ಯಾಸಪತ್ರವೊಂದನ್ನು ಚಿಕ್ಕ ರೋಮನ್ ಅಕ್ಷರಗಳ ಹೆಸರಿನಲ್ಲಿ ಬರೆದಿಡುವುದು. ಮರುಕ್ಷಣವೇ ಆ ಹೆಸರನ್ನು ದೊಡ್ಡಕ್ಷರ ಚಿಕ್ಕಕ್ಷರಗಳಾಗಿ ಕದಡಿ ಕರೆಯುವುದು. ಪತ್ರವು ಓಗೊಟ್ಟರೆ, ಈ ನೆಲವು ದೊಡ್ಡದು ಚಿಕ್ಕದೆಂಬ ಭೇದವನ್ನು ಎಣಿಸದ ನೆಲವೆಂದು ತಿಳಿಯುವುದು. ನೆಲವು ವಿಂಡೋಸೋ ಮ್ಯಾಕೋ ಎಂದು ಅದು ಕೇಳುವುದಿಲ್ಲ. ಮ್ಯಾಕ್ ಗಣಕದಲ್ಲಿಯೇ ಆ ಭೇದವನ್ನು ಎಣಿಸುವ ನೆಲವನ್ನು ಮಾಡಿಕೊಳ್ಳುವುದು ಸಾಧ್ಯವಿರುವುದರಿಂದ, ಕೇಳಿದ್ದರೆ ಉತ್ತರವು ತಪ್ಪುತ್ತಿತ್ತು.

ಕನ್ನಡ ತಂತ್ರಾಂಶಗಳ ಚರಿತ್ರೆಯನ್ನು ಇದೇ ಒರೆಗಲ್ಲಿಗೆ ಹಚ್ಚತಕ್ಕುದು. 1998ರಲ್ಲಿ ಶೇಷಾದ್ರಿವಾಸು ಅವರ ಬರಹವೂ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಂದು ನಾಡಿನ ಮೂಲೆಮೂಲೆಯ ಮೇಜುಗಳಿಗೆ ಕನ್ನಡವನ್ನು ತಂದುವು. ಆ ಉಪಕಾರವನ್ನು ಮರೆಯುವುದು ಕೃತಘ್ನತೆ. ಎರಡೂ ವಿಂಡೋಸಿನಲ್ಲಿ ಹುಟ್ಟಿದುವು. ಆದರೆ ಕೆಡುಕು ಅಲ್ಲಿಲ್ಲ, ಇನ್ನೂ ಆಳದಲ್ಲಿದೆ. ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ರೂಪಖಂಡಗಳನ್ನು ರೋಮನ್ ಅಕ್ಷರಗಳಿಗೆ ಗೊತ್ತಾದ ಸಂಖ್ಯೆಗಳಲ್ಲಿ ಕೂಡಿಸುತ್ತಿದ್ದರು. ಕಡತದಲ್ಲಿ ಇದ್ದುದು ಕನ್ನಡವಲ್ಲ. ಯಾವ ವಿನ್ಯಾಸದಿಂದ ಓದಬೇಕೆಂಬ ಹೆಸರು ಮಾತ್ರ ಅದನ್ನು ಕನ್ನಡವಾಗಿಸುತ್ತಿತ್ತು. ಚಳ್ಳಕೆರೆಯ ಶಾಲೆಯೊಂದರಲ್ಲಿ ಅಧ್ಯಾಪಕರೊಬ್ಬರು ಬರೆದ ಟಿಪ್ಪಣಿಯು, ಆ ಹೆಸರಿನ ವಿನ್ಯಾಸವಿಲ್ಲದ ಗಣಕದಲ್ಲಿ ತೆರೆದಾಗ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಅರ್ಥವೆಲ್ಲವೂ ಸಮಾಖ್ಯೆಯ ಮೇಲೆ ನಿಂತ ಪಾಠ ಅದು. ಹೆಸರು ತಪ್ಪಿದೊಡನೆ ಪಾಠವೇ ತಪ್ಪಿತು. ಆ ಬಗೆಯ ಕಡತಗಳಲ್ಲಿ ಬರೆದಿಟ್ಟ ಎಷ್ಟೋ ಪ್ರಬಂಧಗಳನ್ನೂ ಕೋಶಗಳನ್ನೂ ಇಂದು ಪರಿವರ್ತಕಗಳ ಮೂಲಕ ಹಾಯಿಸಿ, ಮತ್ತೆ ಕರಡು ತಿದ್ದಬೇಕಾಗಿದೆ. ಯೂನಿಕೋಡಿನಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಇದ್ದಿತು. ವಿಂಡೋಸಿನಲ್ಲಿ ಅದು ಸಾಮಾನ್ಯರ ಬಳಕೆಗೆ ಬಂದುದು 2001ರ ಎಕ್ಸ್‌ಪಿ ಆವೃತ್ತಿಯಿಂದ.

ಯೂನಿಕೋಡ್ ಬಂದ ಮೇಲೂ ಕಷ್ಟವು ಪೂರ್ಣವಾಗಿ ತೀರಲಿಲ್ಲ. ಸಂಖ್ಯೆಗಳ ಸಾಲನ್ನು ಒತ್ತು ಕೊಂಬುಗಳಿಂದ ಕೂಡಿದ ಅಕ್ಷರವಾಗಿ ಜೋಡಿಸುವ ಕೆಲಸವು ಉಳಿಯಿತು. ಲಿಬ್ರೆಆಫೀಸ್ ಎಂಬ ಬರೆವಣಿಗೆಯ ತಂತ್ರಾಂಶವು ಈ ಕೆಲಸವನ್ನು ವಿಂಡೋಸಿನಲ್ಲಿ ಯೂನಿಸ್ಕ್ರೈಬಿಗೂ, ಮ್ಯಾಕಿನಲ್ಲಿ ಕೋರ್‌ಟೆಕ್ಸ್ಟಿಗೂ, ಲಿನಕ್ಸಿನಲ್ಲಿ ಹಾರ್ಫ್‌ಬಜ್ಜಿಗೂ ವಹಿಸಿತ್ತು. ಅಂದರೆ ಮೂರು ಸ್ಥಾನಗಳಲ್ಲಿ ಮೂವರು ಲಿಪಿಕಾರರು. 2017ರ ಫೆಬ್ರವರಿಯಲ್ಲಿ ಹೊರಟ 5.3ನೆಯ ಆವೃತ್ತಿಯಿಂದ ಎಲ್ಲ ವ್ಯವಸ್ಥೆಗಳಲ್ಲಿಯೂ ಹಾರ್ಫ್‌ಬಜ್ ಒಂದನ್ನೇ ಇರಿಸಿಕೊಂಡರು. ಊಹಿಸತಕ್ಕ ಅಂಶವನ್ನೇ ಕಡಿಮೆಮಾಡಿದ ಈ ಕ್ರಮವು, ಊಹವನ್ನು ಎಷ್ಟು ಚೆನ್ನಾಗಿ ಮಾಡಿದರೂ ಬಾರದ ಫಲವನ್ನು ತಂದಿತು. ಪ್ರಕೃತಿಯಿಂದ ನೇರವಾಗಿ ನಡೆಯುವುದನ್ನು ವಿಕೃತಿಗೆ ಬಿಡಬಾರದು.

ಇಷ್ಟರಿಂದ ಸಾಮರ್ಥ್ಯಪರೀಕ್ಷೆಯು ನಿರ್ದುಷ್ಟವೆಂದು ತಿಳಿಯಬಾರದು. ಪರೀಕ್ಷೆಯಲ್ಲಿ ಚಿಕ್ಕ ಪಾಠವು ಕಟ್ಟಿಬಾರದಿದ್ದರೆ ಸಾಮರ್ಥ್ಯವಿಲ್ಲವೆಂದು ತೀರ್ಮಾನವಾಗುವುದಷ್ಟೆ. ಇದು ಅನುಪಲಬ್ಧಿಪ್ರಮಾಣ. ಭಾಟ್ಟಮೀಮಾಂಸಕರು ಈ ಪ್ರಮಾಣವನ್ನು ಒಪ್ಪಿದರೂ ಅದಕ್ಕೆ ಕಡಿವಾಣ ಹಾಕಿರುವರು: ಇದ್ದಿದ್ದರೆ ಕಾಣತಕ್ಕ ಸಾಮಗ್ರಿಯೆಲ್ಲ ಇದ್ದೂ ಕಾಣದಿದ್ದರೆ ಮಾತ್ರ ಅಭಾವವು ಸಿದ್ಧ. ಕತ್ತಲೆಯಲ್ಲಿ ಕೊಡ ಕಾಣಲಿಲ್ಲವೆಂದು ಕೊಡವಿಲ್ಲವೆನ್ನಲಾಗದು. ಇದೇ ಯೋಗ್ಯಾನುಪಲಬ್ಧಿ. ಪರೀಕ್ಷಾಪಾಠದಲ್ಲಿಯೇ ಬೇರೆ ತಪ್ಪಿದ್ದರೆ ಅದು ಎಲ್ಲಿಯೂ ಕಟ್ಟಿಬಾರದು. ಆಗ ಇರುವ ಸಾಮರ್ಥ್ಯವೂ ಇಲ್ಲವೆಂದು ತೋರುವುದು.

ಇದು ಕಲ್ಪಿತ ಶಂಕೆಯಲ್ಲ. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಜೆಡ್ ಎಂಬ ಸಾಧನವು ಲಿನಕ್ಸಿನಲ್ಲಿ ಸರ್ವತ್ರ ಬಳಕೆಯಲ್ಲಿದೆ. 2024ರಲ್ಲಿ ಅದರ 5.6.0, 5.6.1 ಎಂಬ ಆವೃತ್ತಿಗಳೊಳಗೆ ಸಹಾಯಕನ ವೇಷದಲ್ಲಿ ಬಂದವನೊಬ್ಬನು ಕಳ್ಳಬಾಗಿಲನ್ನು ಇಟ್ಟಿದ್ದನು. ಆಂಡ್ರೆಸ್ ಫ್ರಾಯಂಡ್ ಅವರು ದೂರದ ಗಣಕವನ್ನು ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ತಡವಾಗುವುದನ್ನು ಕಂಡು ಬೆನ್ನಟ್ಟಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಎಲ್ಲರೂ ಓದುವ ಮೂಲಪಾಠದ ಭಂಡಾರದಲ್ಲಿ ಅದನ್ನು ಜಾಗೃತಗೊಳಿಸುವ ವಾಕ್ಯಗಳು ಇರಲಿಲ್ಲ. ವಿತರಣೆಗೆಂದು ಕಟ್ಟಿದ ಗಂಟಿನಲ್ಲಿ, ಕಾನ್ಫಿಗರ್ ಮಾಡುವ ಭಾಗದೊಳಗೆ ಅವು ಅಡಗಿದ್ದುವು. ಅವು ಸಹ ಸ್ಥಾನವನ್ನು ನೋಡಿಯೇ ನಡೆಯುತ್ತಿದ್ದುವು: ಲಿನಕ್ಸಾಗಿರಬೇಕು, ಇಂಥ ಯಂತ್ರಜಾತಿಯಾಗಿರಬೇಕು, ಇಂಥ ಬಗೆಯ ವಿತರಣೆಗಾಗಿ ಕಟ್ಟುತ್ತಿರಬೇಕು, ಇಲ್ಲವಾದರೆ ಸುಮ್ಮನಿರುವುದು. ಅದೇ ಕೈ ಇನ್ನೊಂದು ಎಡೆಯಲ್ಲಿ, ಲಿನಕ್ಸಿನ ರಕ್ಷಣಾಶಕ್ತಿಯೊಂದು ಉಂಟೋ ಇಲ್ಲವೋ ಎಂದು ನೋಡುವ ಪರೀಕ್ಷಾಪಾಠದಲ್ಲಿ ಒಂದು ಬಿಂದುವನ್ನು ಸೇರಿಸಿತ್ತು. ಸಾಲಿನಲ್ಲಿ ಬೇರೇನೂ ಇಲ್ಲದ ಒಂದೇ ಒಂದು ಚುಕ್ಕೆ. ಆ ಚುಕ್ಕೆಯಿಂದ ಪರೀಕ್ಷೆಯು ಎಲ್ಲೆಡೆಯೂ ಸೋತು, ರಕ್ಷಣೆಯು ಇರುವಲ್ಲಿಯೂ ಇಲ್ಲವೆಂದು ನಿರ್ಣಯವಾಯಿತು. ಬಿಂದುವೊಂದರ ಪ್ರಕ್ಷೇಪದಿಂದ ಅರ್ಥವು ತಲೆಕೆಳಗಾಗುವುದನ್ನು ಹಳಗನ್ನಡ ಪ್ರತಿಗಳನ್ನು ಓದಿದವರು ಕಾಣದವರಲ್ಲ. ಮೂಲಪಾಠವನ್ನು ಸಾವಿರ ಕಣ್ಣುಗಳು ಓದುವುವು, ಕಾನ್ಫಿಗರ್ ಭಾಗವನ್ನು ಯಾರೂ ಓದರು. ಕಳ್ಳನು ಅದನ್ನು ಬಲ್ಲವನಾಗಿದ್ದನು. ಪೌಲ್ ಹೆನ್ನಿಂಗ್ ಕಾಂಪ್ ಅವರು 2012ರಲ್ಲಿಯೇ, ಈ ಭಾಗಗಳು ಎಂದೋ ಅಳಿದ ವ್ಯವಸ್ಥೆಗಳ ದೋಷಗಳನ್ನು ಇಂದಿಗೂ ಹುಡುಕುತ್ತ, ಯಾರಿಗೂ ಅರ್ಥವಾಗದ ಪೊದೆಯಾಗಿ ಬೆಳೆದಿವೆಯೆಂದು ಕಟುವಾಗಿ ಬರೆದಿದ್ದರು. ಅವರ ಟೀಕೆಯನ್ನು ವೇಗದ ಪ್ರಶ್ನೆಯೆಂದು ಗ್ರಹಿಸಿದವರು ಬಹಳ. ಪಾಠಶುದ್ಧಿಯ ಪ್ರಶ್ನೆಯೆಂದು ಗ್ರಹಿಸಬೇಕಾಗಿತ್ತು.

ಸಾಮರ್ಥ್ಯಪರೀಕ್ಷೆಗೆ ಮತ್ತೊಂದು ಎಲ್ಲೆಯೂ ಉಂಟು. ಪರೀಕ್ಷಿಸುವವನು ಆ ಸ್ಥಾನದಲ್ಲಿ ಇರಬೇಕು. ಚಳ್ಳಕೆರೆಯ ಬಳಿ 2017ರಲ್ಲಿ ಉದ್ಘಾಟಿತವಾದ ವೈಮಾನಿಕ ಪರೀಕ್ಷಾಕ್ಷೇತ್ರದಲ್ಲಿ ಚಾಲಕರಿಲ್ಲದ ವಿಮಾನಗಳನ್ನು ಹಾರಿಸಿ ನೋಡುವರು. 2022ರ ಜುಲೈ 1ರಂದು ಬಾಲವಿಲ್ಲದ ರೆಕ್ಕೆಯಾಕಾರದ ವಿಮಾನವೊಂದು ಅಲ್ಲಿ ತಾನಾಗಿಯೇ ಏರಿ ಇಳಿಯಿತು. ಇಂಥ ವಿಮಾನಗಳ ಒಡಲಿನ ಗಣಕಗಳಿಗೆ ಬೇಕಾದ ತಂತ್ರಾಂಶವನ್ನು ಸಾಮಾನ್ಯವಾಗಿ ಆ ಗಣಕಗಳಲ್ಲಿಯೇ ಕಟ್ಟುವುದಿಲ್ಲ. ಬೇರೊಂದು ಜಾತಿಯ ದೊಡ್ಡ ಗಣಕದಲ್ಲಿ ಕಟ್ಟಿ ಒಯ್ಯುವರು. ಕಟ್ಟುವ ಗಣಕದ ಸಾಮರ್ಥ್ಯವನ್ನು ಪರೀಕ್ಷಿಸಿ ವಿಮಾನದ್ದೆಂದು ತಿಳಿದರೆ ಅನರ್ಥ. ಆದುದರಿಂದ ಇಲ್ಲಿ ಹೆಸರನ್ನೂ, ಮೊದಲೇ ಬರೆದಿಟ್ಟ ಲಕ್ಷಣಪಟ್ಟಿಯನ್ನೂ ನಂಬಲೇಬೇಕು. ಮೀಮಾಂಸಕರ ಮತದಲ್ಲಿಯೂ ಸಮಾಖ್ಯೆಯು ದುರ್ಬಲವೇ ಹೊರತು ಅಪ್ರಮಾಣವಲ್ಲ. ಬಲವತ್ತರವಾದುದು ಎದುರಿಲ್ಲದಾಗ ಅದೇ ವಿನಿಯೋಜಕ. ಸುವರ್ಣಗಿರಿಯ ಕಾರ್ಯಾಲಯದ ಸ್ಥಿತಿಯೂ ಇಂಥದೇ. ಇಸಿಲವನ್ನು ಅದು ದೂರದಿಂದ, ಅಲ್ಲಿಯ ಅಧಿಕಾರಿಗಳ ಪದವಿಯ ಹೆಸರಿನಿಂದ ಬಲ್ಲುದಾಗಿತ್ತು. ಪೀಠಿಕೆಯಲ್ಲಿ ಊಹವಾದುದೂ ಅಷ್ಟೇ.

ಕಡೆಯದಾಗಿ, ಹೆಸರೇ ಗೆಲ್ಲುವ ಒಂದು ಎಡೆಯನ್ನು ನೋಡತಕ್ಕುದು. ಸೂರ್ಯಶಬ್ದವನ್ನು ಅರ್ಕಾವೊತ್ತಿನಿಂದ 'ಸೂರ್ಯ' ಎಂದು ಬರೆಯುವುದು ರೂಢಿ; ರೇಫವನ್ನು ಪೂರ್ಣವಾಗಿಟ್ಟು ಯಕಾರವನ್ನು ಒತ್ತಾಗಿಸಿ 'ಸೂರ‍್ಯ' ಎಂದು ಬರೆಯುವುದೂ ಉಂಟು. ಎರಡನೆಯ ರೂಪಕ್ಕಾಗಿ ಕಣ್ಣಿಗೆ ಕಾಣದ ಜೋಡಕವೆಂಬ ಚಿಹ್ನೆಯನ್ನು ರೇಫಕ್ಕೂ ವಿರಾಮಕ್ಕೂ ನಡುವೆ ಇಡಬೇಕೆಂಬುದು ಯೂನಿಕೋಡಿನ ವಿಧಿ. ಆದರೆ ಹಿಂದೆ ಬರೆದ ಪಾಠಗಳಲ್ಲಿ ವಿರಾಮದ ಅನಂತರ ಜೋಡಕವನ್ನು ಇಟ್ಟವರು ಇದ್ದಾರೆ. ಹಾರ್ಫ್‌ಬಜ್ಜಿನ ಮೂಲಪಾಠದಲ್ಲಿ ಇದಕ್ಕಾಗಿ ನಾಲ್ಕಾರು ಸಾಲುಗಳಿವೆ: ಲಿಪಿಯು ಕನ್ನಡವಾಗಿದ್ದು ರೇಫ, ವಿರಾಮ, ಜೋಡಕ ಎಂಬ ಕ್ರಮ ಕಂಡರೆ ಕಡೆಯ ಎರಡನ್ನು ಅದಲುಬದಲು ಮಾಡಿಕೊಳ್ಳಬೇಕು, ಹಳೆಯ ಬಳಕೆಯೊಡನೆ ಹೊಂದಿಕೆಗಾಗಿ ಹೀಗೆ ಮಾಡಿದೆಯೆಂದು ಟಿಪ್ಪಣಿಯನ್ನೂ ಬರೆದಿರುವರು. ಇಲ್ಲಿ ಪರೀಕ್ಷಿಸತಕ್ಕ ಸಾಮರ್ಥ್ಯವೆಂಬುದು ಯಾವುದೂ ಇಲ್ಲ. ಕನ್ನಡಿಗರು ಹಾಗೆ ಬರೆದರು ಎಂಬ ರೂಢಿಯೊಂದೇ ಇದೆ; ರೂಢಿಯನ್ನು ಯಾವ ಯಂತ್ರವನ್ನು ಕಟ್ಟಿನೋಡಿದರೂ ತಿಳಿಯಲಾಗದು, ಆ ಲಿಪಿಯ ಹೆಸರನ್ನು ಹಿಡಿದೇ ಹೇಳಬೇಕು. ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಭೇದವಿಲ್ಲದೆ ಹಾರ್ಫ್‌ಬಜ್ ನಡೆಯುವ ಎಡೆಯಲ್ಲೆಲ್ಲ ಈ ಸಾಲುಗಳು ನಡೆಯುವುವು.